ಹಾಲು ಪರೀಕ್ಷೆ: ಗುಂಪಿನವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಗುಂಪಿನಲ್ಲಿ ಹಾಲಿಗೆ ಕಲಬೆರಕೆ ಆಗುತ್ತಿದೆಯಾ ಅನ್ನುವುದೇ ಮಾತು. ಯಾರ ಮೇಲೂ ಸುಮ್ನೆ ಅನುಮಾನ ಪಡುವ ಮೊದಲು ಮನೆಯಲ್ಲೇ ಒಮ್ಮೆ ನೋಡಿಬಿಡಿ.

ಓರೆಯಾಗಿ ಹಿಡಿದ ನುಣುಪಾದ ತಟ್ಟೆಯ ಮೇಲೆ ಒಂದು ಹನಿ ಬಿಡಿ. ಒಳ್ಳೆಯ ಹಾಲು ನಿಧಾನವಾಗಿ ಇಳಿದು ಬಿಳಿ ಗೆರೆ ಬಿಡುತ್ತದೆ. ನೀರು ಜಾಸ್ತಿ ಇದ್ದರೆ ಗೆರೆಯೇ ಇಲ್ಲದೆ ಜಾರಿಹೋಗುತ್ತದೆ. ಕೆನೆ ತೆಗೆದ ಹಾಲೂ ಹೀಗೇ ಓಡಬಹುದು, ಅದಕ್ಕೇ ಜಗಳಕ್ಕಿಳಿಯಬೇಡಿ!

ಹಿಟ್ಟು ಬೆರೆಸಿದ ಅನುಮಾನವೇ? ಎರಡು ಚಮಚ ಹಾಲು ಕುದಿಸಿ, ಪೂರ್ತಿ ಆರಿಸಿ, ಎರಡು ಹನಿ ಟಿಂಕ್ಚರ್ ಅಯೋಡಿನ್ ಹಾಕಿ. ನೀಲಿ ಬಣ್ಣ ಬಂದರೆ ಹಿಟ್ಟಿದೆ. ಬಿಸಿ ಇರುವಾಗಲೇ ಹಾಕಿದರೆ ಬಣ್ಣ ಸರಿಯಾಗಿ ಕಾಣುವುದಿಲ್ಲ. ನಾನೂ ಮೊದಲ ಸಲ ಇದೇ ತಪ್ಪು ಮಾಡಿದ್ದೆ. ಪರೀಕ್ಷೆ ಮಾಡಿದ ಹಾಲನ್ನು ಚೆಲ್ಲಿಬಿಡಿ.

ಲ್ಯಾಕ್ಟೋಮೀಟರ್ ಕೊಳ್ಳೋಣ ಅಂತ ಕೆಲವರು ಹೇಳಿದ್ದೀರಿ. ಅದು ಅಳೆಯುವುದು ಸಾಂದ್ರತೆ ಮಾತ್ರ. ನೀರು ಹಾಕಿದರೆ ಅಂಕಿ ಇಳಿಯುತ್ತದೆ, ಸಕ್ಕರೆಯನ್ನೋ ಉಪ್ಪನ್ನೋ ಸೇರಿಸಿದರೆ ಮತ್ತೆ ಏರುತ್ತದೆ. ಮೋಸ ಮಾಡುವವರಿಗೆ ಇದು ಗೊತ್ತಿರುತ್ತದೆ, ಅಲ್ವಾ? 2008ರಲ್ಲಿ ಚೀನಾದಲ್ಲಿ ಆಗಿದ್ದೂ ಇಂಥದ್ದೇ. ಪ್ರೋಟೀನ್ ಪರೀಕ್ಷೆ ನೈಟ್ರೋಜನ್ ಲೆಕ್ಕ ಹಿಡಿಯುತ್ತದೆ ಅಂತ ಹಾಲಿಗೆ ನೈಟ್ರೋಜನ್ ಹೆಚ್ಚಿರುವ ಮೆಲಮೈನ್ ಎಂಬ ರಾಸಾಯನಿಕ ಬೆರೆಸಿದ್ದರು.

ಹಾಲಿಗೆ ಯೂರಿಯಾ ಬೆರೆಸಿದ್ದಾರೆ ಅನ್ನಲು ಅವಸರ ಬೇಡ. ಹಾಲಿನಲ್ಲಿ ಅದು ಸಹಜವಾಗಿಯೇ ಸ್ವಲ್ಪ ಇರುತ್ತದೆ, ಎಷ್ಟಿದೆ ಅನ್ನುವುದನ್ನು ಲ್ಯಾಬ್ ಹೇಳಬೇಕು. ಲ್ಯಾಬಿಗೆ ಕೊಡುವವರು ಹಸಿ ಹಾಲನ್ನೇ ಶುದ್ಧ ಬಾಟಲಿಯಲ್ಲಿ, ತಣ್ಣಗಿಟ್ಟು ಒಯ್ಯಿರಿ. ಬಾಟಲಿ ಮೇಲೆ ತಾರೀಖು, ಸಮಯ ಬರೆಯಿರಿ.

ಫಲಿತಾಂಶ ಹಾಕುವಾಗ ಫೋಟೋ ಜೊತೆಗಿರಲಿ.