ಎಲೆ ಚಹಾ ಪೊಟ್ಟಣದ ಮೇಲೆ ತಯಾರಿಸುವ ಕ್ರಮವೂ ಇರಲಿ

ಮಾನ್ಯ ಸಂಪಾದಕರೇ,

ಡಾರ್ಜಿಲಿಂಗ್, ಅಸ್ಸಾಂ, ನೀಲಗಿರಿಯ ಎಲೆ ಚಹಾ ಈಗ ನಮ್ಮ ಅಂಗಡಿಗಳಲ್ಲೂ ಸಿಗುತ್ತಿದೆಯಾದರೂ, ಅದನ್ನು ದಿನಬಳಕೆಯ ಕಾಳುಕಾಳಾದ ಸಿಟಿಸಿ ಚಹಾಪುಡಿಯಂತೆಯೇ ಹಾಲು, ಸಕ್ಕರೆ ಹಾಕಿ ಕುದಿಸಿ, ‘ಕಡಕ್ ಇಲ್ಲ’ ಎಂದು ಬದಿಗಿಡುವವರಿದ್ದಾರೆ. ಇದು ಎಲೆಯ ದೋಷವಲ್ಲ. ಸಿಟಿಸಿ ಯಂತ್ರ ಎಲೆಯನ್ನು ಜಜ್ಜಿ, ಹರಿದು, ಉರುಟು ಕಾಳಾಗಿಸುವುದರಿಂದ ಅದರ ಸತ್ವ ಬೇಗನೆ ನೀರಿಗಿಳಿದು ಹಾಲಿನ ನಡುವೆಯೂ ನಿಲ್ಲುತ್ತದೆ. ಹೊಸೆದು ಒಣಗಿಸಿದ ಇಡೀ ಎಲೆಯಾದರೋ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ.

ಮಾರ್ಚ್–ಏಪ್ರಿಲ್‌ನ ಮೊದಲ ಕುಯ್ಲಿನ ಡಾರ್ಜಿಲಿಂಗ್ ಎಲೆಯನ್ನು ಕುದಿ ಇಳಿದ ನೀರಿನಲ್ಲಿ ಮೂರು ನಿಮಿಷ ಮುಚ್ಚಿಟ್ಟು ಸೋಸಿದರೆ, ಹೊಂಬಣ್ಣದ, ಹೂವಿನ ಪರಿಮಳವಿರುವ ತಿಳಿ ಚಹಾ ದೊರೆಯುತ್ತದೆ. ಅದೇ ಎಲೆ ಹತ್ತು ನಿಮಿಷ ನೀರಿನಲ್ಲೇ ಉಳಿದರೆ ಒಗರಿನಿಂದ ನಾಲಿಗೆ ಬಿಗಿಯುತ್ತದೆ. ಅಸ್ಸಾಂ ಎಲೆ ಕುದಿನೀರನ್ನೂ ತುಸು ಹಾಲನ್ನೂ ತಾಳಿಕೊಳ್ಳುತ್ತದೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಚಳಿಗಾಲದಲ್ಲಿ ಕಿತ್ತ ನೀಲಗಿರಿ ಎಲೆ. ನೆರೆಯ ಬೆಟ್ಟದ ಈ ಚಹಾಕ್ಕೆ ನಮ್ಮಲ್ಲಿ ಸಲ್ಲಬೇಕಾದ ಮನ್ನಣೆ ಸಂದಿಲ್ಲ.

ರುಚಿ ಹೋಲಿಸುವವರು ಎಲೆಯ ತೂಕ, ನೀರು, ಸಮಯ ಮೂರನ್ನೂ ಸಮನಾಗಿಡಬೇಕು. ರುಚಿ ಪರೀಕ್ಷೆಗೆ ಚಹಾ ತಯಾರಿಸುವ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 3103 100 ಮಿಲಿಲೀಟರ್ ಕುದಿನೀರಿಗೆ 2 ಗ್ರಾಂ ಎಲೆ, 6 ನಿಮಿಷ ಎನ್ನುತ್ತದೆ. ಅದು ಪರೀಕ್ಷೆಗೆ ತಕ್ಕ ಕ್ರಮ. ಮನೆಯಲ್ಲಿ ಕುಡಿಯಲು ಅಷ್ಟು ಹೊತ್ತು ಬೇಕಿಲ್ಲ.

ಆದ್ದರಿಂದ ಕುಯ್ಲಿನ ತಿಂಗಳು, ನೀರಿನ ಬಿಸಿ, ಎಲೆ ನೆನೆಯಬೇಕಾದ ಸಮಯ ಇವಿಷ್ಟನ್ನು ಪೊಟ್ಟಣದ ಮೇಲೆ ಕನ್ನಡದಲ್ಲಿ ಮುದ್ರಿಸುವಂತೆ ತಯಾರಕರನ್ನೂ, ಅದಕ್ಕೆ ಒತ್ತಾಸೆಯಾಗುವಂತೆ ಚಹಾ ಮಂಡಳಿಯನ್ನೂ ಕೋರುತ್ತೇನೆ.

– ಓದುಗ, ಮೈಸೂರು