ರೆಕ್ಕೆ ಇನ್ನೂ ನೆಲ ಮುಟ್ಟಿಲ್ಲ

ಪ್ರೀತಿಯ ಗೆಳೆಯ,

ಕುಂಬಳೆಯಲ್ಲಿ ಮಳೆ ಬಿಡುತ್ತಿಲ್ಲ. ತಿರುಗಾಟ ಮುಗಿಯುವ ದಿನ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿವೆ. ಆಟ ಇಲ್ಲದ ರಾತ್ರಿ ಎಂತ ಮಾಡುವುದು ಮಾರಾಯ?

ನಮ್ಮ ಚಾವಡಿಯಲ್ಲಿ ಜಟಾಯುವಿನ ಪಟ ಉಂಟಲ್ಲ, ಅದನ್ನು ಮೊನ್ನೆ ಒರೆಸಲು ಇಳಿಸಿದೆ. ರವಿವರ್ಮನ ಚಿತ್ರದ ಅಚ್ಚು. ಅವನು 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ಹಾಕಿದ ಮೇಲೆ ದೇವರ ಪಟಗಳು ಮನೆಮನೆಯ ಗೋಡೆ ಹತ್ತಿದವು. ಒರೆಸಲು ಕೂತವನು ನೋಡುತ್ತಾ ಉಳಿದೆ.

ಆಟದಲ್ಲಾದರೆ ರಾವಣ, ಜಟಾಯು ಅರ್ಧ ಗಂಟೆ ಸುತ್ತುತ್ತಾರೆ. ಚೆಂಡೆ ಏರುತ್ತದೆ, ಭಾಗವತರ ಸ್ವರ ಏರುತ್ತದೆ. ಪಟಕ್ಕೆ ಚೆಂಡೆ ಇಲ್ಲ, ಸಿಗುವುದು ಒಂದೇ ಗಳಿಗೆ. ರವಿವರ್ಮ ಯಾವುದನ್ನು ಹಿಡಿದಿದ್ದಾನೆ ನೋಡು. ಕಡಿದಾಗಿದೆ, ಆದರೆ ಕತ್ತಿ ಮೇಲೆಯೇ ಉಂಟು. ರೆಕ್ಕೆ ಮೈಯಿಂದ ಬೇರೆಯಾಗಿದೆ, ನೆಲ ಮುಟ್ಟಿಲ್ಲ. ಹಿಂದಿನದು, ಮುಂದಿನದು ಎರಡನ್ನೂ ನಾವೇ ಸೇರಿಸಿಕೊಳ್ಳಬೇಕು. ಸೀತೆ ಮುಖ ಮುಚ್ಚಿಕೊಂಡಿದ್ದಾಳೆ. ಅವಳು ನೋಡುತ್ತಿದ್ದರೆ ನಮಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ, ಅಲ್ವಾ?

ಇನ್ನೊಂದು. ರಾವಣನಿಗೆ ಇಲ್ಲಿ ಒಂದೇ ತಲೆ, ನಮ್ಮ ರಂಗಸ್ಥಳದ ಹಾಗೆ. ಸಣ್ಣವನಿದ್ದಾಗ ಇದು ಮೋಸ ಅನಿಸುತ್ತಿತ್ತು. ಈಗ ಗೊತ್ತಾಗುತ್ತದೆ, ಹತ್ತು ತಲೆ ಬರೆದಿದ್ದರೆ ರೆಕ್ಕೆಯನ್ನು ಯಾರು ನೋಡುತ್ತಿದ್ದರು?

ಲೇಪಾಕ್ಷಿಗೆ ಹೋದದ್ದು ನೆನಪುಂಟಾ? ವೀರಭದ್ರ ಗುಡಿಯ ಮಾಡಿನ ಒಳಮೈಯ ಚಿತ್ರಗಳನ್ನು ನೋಡಿ ನೋಡಿ ನಿನ್ನ ಕುತ್ತಿಗೆ ಹಿಡಿದುಕೊಂಡಿತ್ತು. ಹದಿನಾರನೆಯ ಶತಮಾನದ ಆ ಕಿರಾತಾರ್ಜುನರ ಚಿತ್ರಕಥೆಯಲ್ಲಿ ಒಂದೇ ಗಳಿಗೆಯ ಹಟ ಇಲ್ಲ. ತಪಸ್ಸಿಗೆ ಕೂತ ಅರ್ಜುನನೇ ಮುಂದೆ ಬಿಲ್ಲು ಹಿಡಿದು ಮತ್ತೆ ಬರುತ್ತಾನೆ. ನಾವು ಕೆಳಗೆ ನಡೆದ ಹಾಗೆ ಮೇಲೆ ಕಥೆ ನಡೆಯುತ್ತದೆ. "ಒಬ್ಬನನ್ನೇ ಎಷ್ಟು ಸಲ ಬರೆಯುವುದು" ಎಂದು ಅಲ್ಲಿ ನಾನು ತಮಾಷೆ ಮಾಡಿದ್ದೆ. ಅದು ನನ್ನ ದಡ್ಡತನ. ಅದು ಪ್ರಸಂಗ ನಡೆಸುವ ಕ್ರಮವೇ, ರಾತ್ರಿಯಿಡೀ ಆಟದ ಹಾಗೆ. ಆದರೂ ನನಗೆ ಈ ಪಟದ ಮೇಲೆ ಮೋಹ ಜಾಸ್ತಿ. ದಿನಾ ನೋಡಿದ್ದಕ್ಕೋ ಏನೋ.

ಒಂದು ಕೆಲಸ ಉಂಟು. ನಿಮ್ಮ ಮನೆಯಲ್ಲೂ ಇದೇ ಪಟ ಇತ್ತಲ್ಲ? ನಮ್ಮದರ ಕೆಳಗಿನ ಮೂಲೆಯನ್ನು ಗೆದ್ದಲು ತಿಂದಿದೆ. ಅಲ್ಲಿ ಏನು ಬರೆದಿದ್ದಾನೆ ಎಂದು ನೋಡಿ ತಿಳಿಸು. ಫೋಟೋ ತೆಗೆದು ಕಳುಹಿಸಿದರೂ ಆದೀತು.

ನಿನ್ನ ಗೆಳೆಯ