ಉಣಗೋಲು ತೆಗೆದುಕೊಟ್ಟವರಿಗೆ

ಮೊನ್ನೆ ಭಾನುವಾರ ಮಧ್ಯಾಹ್ನ ಕೆಂಪಿ ಮತ್ತು ಮೋಡ, ನಮ್ಮ ಸವಾರಿಯ ಎರಡೂ ಕುದುರೆಗಳು ಶಿವಮೊಗ್ಗ ಮುಟ್ಟಿದವು. ಸಾಗರದಿಂದ ಹೊರಟು ಕೆಳದಿ, ಇಕ್ಕೇರಿ, ಹೊಸನಗರ, ನಗರ ಎಂಬ ಊರು, ಕವಲೇದುರ್ಗ, ತೀರ್ಥಹಳ್ಳಿ, ಮಂಡಗದ್ದೆ ಹಾದು ಬಂದ ದಾರಿ. ಸುತ್ತುಬಳಸು ಸೇರಿ ಸುಮಾರು 200 ಕಿ.ಮೀ. ಒಟ್ಟು 11 ದಿನ, ಅದರಲ್ಲಿ 2 ದಿನ ಪೂರ್ತಿ ವಿಶ್ರಾಂತಿ. ಜೀನು ಇಳಿಸಿ ನೋಡಿದಾಗ ಎರಡರ ಬೆನ್ನಲ್ಲೂ ಹುಣ್ಣಿರಲಿಲ್ಲ, ಕಾಲಲ್ಲಿ ಕುಂಟಿರಲಿಲ್ಲ, ಹೊಟ್ಟೆ ಸರಿಯಾಗಿತ್ತು. ಇದರ ಶ್ರೇಯಸ್ಸು ಹೆಚ್ಚಿನ ಪಾಲು ಹಾದಿಯ ಮನೆಗಳವರಿಗೆ ಸಲ್ಲಬೇಕು. ಸುಮ್ಮನೆ ಧನ್ಯವಾದ ಅಂದರೆ ಅವರು ಮಾಡಿದ್ದೇನು ಅಂತ ಯಾರಿಗೂ ತಿಳಿಯುವುದಿಲ್ಲ. ನಾಳೆ ಈ ದಾರಿಯಲ್ಲಿ ಕುದುರೆ ತರುವವರಿಗೂ ಉಪಯೋಗವಾಗಲಿ ಅಂತ ಬಿಡಿಸಿ ಬರೆಯುತ್ತಿದ್ದೇವೆ.

ಮಂಗೋಲಿಯಾದಂಥ ಹುಲ್ಲುಗಾವಲಿನ ದೇಶದಲ್ಲಿ ಸಂಜೆ ಜೀನು ಇಳಿಸಿ, ಮುಂಗಾಲಿಗೆ ಹಗ್ಗದ ತೊಡಕು ಹಾಕಿ ಬಿಟ್ಟರೆ ಕುದುರೆ ರಾತ್ರಿಯೆಲ್ಲ ತಾನೇ ಮೇಯುತ್ತದೆ. 1925ರಲ್ಲಿ ದೂರದ ಸವಾರಿಗೆ ಹೆಸರಾದ ಐಮೆ ಚಿಫೆಲಿ ಅವರು ಬ್ಯೂನಸ್ ಐರಿಸ್‌ನಿಂದ ಅಮೆರಿಕದ ಕಡೆಗೆ ಹೊರಟಾಗ ಜೊತೆಗಿದ್ದ ಮಾಂಚಾ ಮತ್ತು ಗಾತೊ ಎಂಬ ಕುದುರೆಗಳು ಕ್ರಿಯೋಲೋ ತಳಿಯವು, ಬಯಲಲ್ಲಿ ಸಿಕ್ಕಿದ್ದನ್ನು ಮೇದು ಬೆಳೆದವು. ಮಲೆನಾಡಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಕೆಳಗೆ ಗದ್ದೆ, ಪಕ್ಕದಲ್ಲಿ ಅಡಿಕೆ ತೋಟ, ಮೇಲೆ ಕಾಡು, ಕತ್ತಲಾದರೆ ಚಿರತೆಯ ಭಯ. ಬಿಡಾರ ಅಂದರೆ ಒಬ್ಬರ ಮನೆಯ ಕೊಟ್ಟಿಗೆಯೇ, ರಾತ್ರಿಯ ಮೇವು ಅಂದರೆ ಆ ಮನೆಯವರು ಮಳೆಗಾಲಕ್ಕೆಂದು ಕೂಡಿಟ್ಟ ಹುಲ್ಲೇ.

ಹಾಗಾಗಿ ಮೊದಲ ನಮಸ್ಕಾರ ಕರಡ, ಅಂದರೆ ಒಣಹುಲ್ಲು ಕೊಟ್ಟವರಿಗೆ. ಕುದುರೆಗೆ ದಿನಕ್ಕೆ ಅದರ ತೂಕದ ನೂರಕ್ಕೆ 2 ಪಾಲಿನಷ್ಟು ಒಣಮೇವು ಬೇಕು. 340 ಕೆ.ಜಿ.ಯ ತಟ್ಟುವಿಗೆ 6ರಿಂದ 7 ಕೆ.ಜಿ. ಬತ್ತದ ಹುಲ್ಲೊಂದನ್ನೇ ಹಾಕಿದರೆ ಹೊಟ್ಟೆ ತುಂಬೀತು, ಮೈಗೆ ಹತ್ತುವುದಿಲ್ಲ. ನೀರು ಕಡಿಮೆ ಕುಡಿದ ದಿನವಂತೂ ಆ ಒರಟು ಹುಲ್ಲು ಕರುಳಲ್ಲಿ ಗಂಟು ಕಟ್ಟಿ ಶೂಲೆ ತರಬಹುದು. ಬೇಣದಲ್ಲಿ (ಹುಲ್ಲು ಬೆಳೆಯುವ ಜಾಗದಲ್ಲಿ) ಕೊಯ್ದು ಒಣಗಿಸಿದ ಕರಡ ಅರ್ಧ, ಬತ್ತದ ಹುಲ್ಲು ಅರ್ಧ ಮಾಡಿದರೆ ನಡೆಯುತ್ತದೆ. ಇಕ್ಕೇರಿ ದಾಟಿ ಸಿಕ್ಕ ಮೊದಲ ಮನೆಯ ಅಮ್ಮ ಇದನ್ನು ಯಾರೂ ಹೇಳದೆಯೇ ಮಾಡಿದರು. ಗೊಣಬೆಯಿಂದ (ಹುಲ್ಲಿನ ಬಣವೆಯಿಂದ) ಇಳಿಸಿದ ಒಂದೊಂದು ಕಟ್ಟನ್ನೂ ಬಿಚ್ಚಿ, ದರೆಗೆ ಎರಡು ಸಲ ಬಡಿದು, ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದರು. ಬಿಳಿ ಧೂಳು ಎದ್ದ ಎರಡು ಕಟ್ಟನ್ನು ಗೊಬ್ಬರದ ಗುಂಡಿಗೇ ಎಸೆದರು. ಆ ಧೂಳು ಬೂಷ್ಟಿನದು. ದನ ಅದನ್ನು ಹೇಗೋ ಅರಗಿಸಿಕೊಂಡೀತು. ಕುದುರೆಗೆ ಅದರಿಂದ ಕೆಮ್ಮು, ದಮ್ಮು, ಹೊಟ್ಟೆಶೂಲೆ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ ಎಂಬುದನ್ನು ಎಲ್ಲರೂ ನೆನಪಿಡಬೇಕು. ಒಳಗೆ ಹೋದದ್ದು ಹಿಂಬದಿಯಿಂದಲೇ ಹೊರಬೀಳಬೇಕು, ಇಲ್ಲವೇ ಹೊಟ್ಟೆಯೊಳಗೆ ಉಬ್ಬಬೇಕು.

ಕೊಟ್ಟದ್ದಕ್ಕೆ ಎಷ್ಟು ಋಣವೋ, ಕೊಡದೆ ಉಳಿಸಿದ್ದಕ್ಕೂ ಅಷ್ಟೇ ಋಣ. ಮನೆಗೆ ಬಂದ ಪ್ರಾಣಿಗೆ ಅಕ್ಕಚ್ಚು (ಅಕ್ಕಿ ತೊಳೆದ ನೀರು), ಹಿಂಡಿ, ಬಾಳೆಕಾಯಿ ಸಿಪ್ಪೆ, ಅಡಿಕೆ ಹಾಳೆ ಇಡುವುದು ಮಲೆನಾಡಿನ ಉಪಚಾರ. "ಇದಕ್ಕೆ ಬೇಡ" ಅಂದಾಗ ಒಬ್ಬರೂ ಬೇಸರ ಮಾಡಿಕೊಳ್ಳಲಿಲ್ಲ. ಕುದುರೆಯ ಹಿಂಗರುಳಿನಲ್ಲಿರುವ ಸೂಕ್ಷ್ಮಜೀವಿಗಳು ಹೊಸ ಮೇವಿಗೆ ಒಗ್ಗಲು ವಾರದಿಂದ ಹತ್ತು ದಿನ ಹಿಡಿಯುತ್ತದೆ, ಒಂದು ರಾತ್ರಿಯ ಪ್ರೀತಿ ಅದಕ್ಕೆ ಸಾಲದು. ಕಾಳು, ಅನ್ನ, ಗಂಜಿ ಹೆಚ್ಚಾದರೆ ಹೊಟ್ಟೆಯ ಜೊತೆಗೆ ಗೊರಸಿನ ಒಳಪದರವೂ ಉರಿದು ಕುದುರೆ ನಿಲ್ಲಲಾರದೆ ಆಗುತ್ತದೆ. ಹಿಂಡಿಯ ಅಪಾಯ ಬೇರೆಯೇ. ಕೆಲವು ದನದ ಮತ್ತು ಕೋಳಿಯ ಆಹಾರಗಳಿಗೆ ಬೆರೆಸುವ ಮೊನೆನ್ಸಿನ್ ಎಂಬ ಔಷಧ ಕುದುರೆಯ ಹೃದಯಕ್ಕೆ ವಿಷ, ಅತಿ ಕಡಿಮೆ ಪ್ರಮಾಣದಲ್ಲೂ ಸಾವು ತರುತ್ತದೆ. ತೀರ್ಥಹಳ್ಳಿಯಲ್ಲಿ ಗಿರಾಕಿಗಳನ್ನು ನಿಲ್ಲಿಸಿಕೊಂಡು, ಕನ್ನಡಕ ಹಾಕಿಕೊಂಡು ನಾಲ್ಕು ಚೀಲಗಳ ಚೀಟಿ ಓದಿ, ಕೊನೆಗೆ "ಇದ್ಯಾವುದೂ ಬ್ಯಾಡ, ಗೋಧಿ ಬೂಸಾ ಒಯ್ರಿ" ಅಂದ ಅಂಗಡಿಯವರಿಗೆ ಕೈಮುಗಿಯುತ್ತೇವೆ.

ಹುರುಳಿ ಬೇಯಿಸಿದ ಅಕ್ಕಂದಿರಿಗೆ ಎಷ್ಟು ಹೇಳಿದರೂ ಕಡಿಮೆ. ದಿನಕ್ಕೆ ಒಂದು ಕುದುರೆಗೆ ಒಂದೂಕಾಲು ಕೆ.ಜಿ., ಅದೂ ಮೂರು ಪಾಲು ಮಾಡಿ. ಕುದುರೆಯ ಜಠರ ಅದರ ಮೈಗೆ ಹೋಲಿಸಿದರೆ ಬಹಳ ಚಿಕ್ಕದು, ಒಂದೇ ಸಲ ಸುರಿದರೆ ಅರೆಜೀರ್ಣವಾಗಿಯೇ ಮುಂದೆ ಸರಿಯುತ್ತದೆ. ರಾತ್ರಿ ನೆನೆಹಾಕಿ, ಬೆರಳಲ್ಲಿ ಒತ್ತಿದರೆ ಹಿಟ್ಟಾಗುವಷ್ಟು ಬೇಯಿಸಿ, ಪೂರ್ತಿ ಆರಿಸಿ, 40 ಗ್ರಾಂ ಕಲ್ಲುಪ್ಪು ಸೇರಿಸಿ ಇಡಬೇಕು. ಹೊರಡುವುದಕ್ಕೆ ಒಂದು ಗಂಟೆ ಮೊದಲೇ ತಿಂದು ಮುಗಿದಿರಬೇಕು. ಆರು ಗಂಟೆಗೆ ಹೊರಡುವ ಕುದುರೆಗಾಗಿ ಬಚ್ಚಲ ಒಲೆಗೆ ನಾಲ್ಕಕ್ಕೇ ಉರಿ ಹಾಕಿದವರು ಅವರು, ಅದೂ ಅಡಿಕೆ ಸುಲಿಯುವ ಕೆಲಸ ತಲೆಮೇಲೆ ಇರುವ ಕಾಲದಲ್ಲಿ.

ಹೊಸನಗರದ ಹತ್ತಿರ ಒಂದು ಸಂಜೆ ಕೆಂಪಿ ನೀರು ಮುಟ್ಟಲಿಲ್ಲ. ಬ್ಲೀಚಿಂಗ್ ಪೌಡರ್ ಹಾಕಿದ ಟ್ಯಾಂಕಿನ ನೀರು ಅದಕ್ಕೆ ಹೊಸ ವಾಸನೆ. ದಿನಕ್ಕೆ 30 ಲೀಟರಿನ ಆಸುಪಾಸು ಕುಡಿಯಬೇಕಾದ ಪ್ರಾಣಿ ಒಂದು ರಾತ್ರಿ ಕುಡಿಯದಿದ್ದರೆ ಬೆಳಗ್ಗೆ ಲದ್ದಿ ಗಟ್ಟಿಯಾಗುತ್ತದೆ, ಮಧ್ಯಾಹ್ನಕ್ಕೆ ಶೂಲೆ ಶುರುವಾಗಬಹುದು. ಆ ಮನೆಯ ಅಜ್ಜ ಒಳಗಿನಿಂದ ಜೋನಿಬೆಲ್ಲದ ಡಬ್ಬಿ ತಂದು, ಬಕೆಟ್ಟಿಗೆ ಒಂದು ಸೌಟು ಬಿಟ್ಟು, ಕೈಯಲ್ಲೇ ಕಲಕಿ, ಅದೇ ಕೈಯನ್ನು ಕೆಂಪಿಯ ತುಟಿಗೆ ಹಿಡಿದರು. ಮೊದಲು ಬೆರಳು ನೆಕ್ಕಿತು, ಆಮೇಲೆ ಬಕೆಟ್ಟಿಗೆ ಮೂತಿ ಇಳಿಸಿತು. ಅಲ್ಲಿಂದ ಮುಂದೆ ನೀರು ಬದಲಾದ ಕಡೆಯಲ್ಲೆಲ್ಲ ಇದೇ ಉಪಾಯ.

ನಗರದ ದಾರಿಯಲ್ಲಿ ಮೋಡನ ಎಡ ಮುಂಗಾಲಿನ ಲಾಳ ಕಳಚಿತು. ಒದ್ದೆ ಮಣ್ಣಲ್ಲಿ ನಡೆದು ನಡೆದು ಗೊರಸು ಮೆತ್ತಗಾಗುತ್ತದೆ, ಮೊಳೆಯ ಹಿಡಿತ ಸಡಿಲುತ್ತದೆ, ಕೆಸರು ಲಾಳವನ್ನು ಎಳೆದುಕೊಳ್ಳುತ್ತದೆ. ಹಾಗೇ ಜಂಬಿಟ್ಟಿಗೆಯ ಹರಳುಗಲ್ಲಿನ ಮೇಲೆ ನಡೆಸಿದರೆ ಐದಾರು ಕಿ.ಮೀ.ಯಲ್ಲಿ ಗೊರಸಿನ ಅಂಚು ಒಡೆಯುತ್ತದೆ. ಕುಲುಮೆಯ ಆಚಾರ್ರು ಎತ್ತಿಗೆ ಲಾಳ ಕಟ್ಟಿದವರು. ಎತ್ತಿನದು ಸೀಳುಗೊರಸು, ಎರಡು ತುಂಡು ಲಾಳ. ಕುದುರೆಯದು ಒಂಟಿ ಗೊರಸು, ಒಂದೇ ಬಿಲ್ಲು. ಅವರು ಆತುರ ಮಾಡಲಿಲ್ಲ. ಗೊರಸನ್ನು ತೊಡೆಗಳ ನಡುವೆ ಹಿಡಿದು, ಅಡಿಯಲ್ಲಿ ಸುತ್ತಲೂ ಕಾಣುವ ಬಿಳಿಗೆರೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಸ್ಪಷ್ಟ ಮಾಡಿಕೊಂಡರು. ಮೊಳೆ ಆ ಗೆರೆಯ ಹೊರಮಗ್ಗುಲಿನಲ್ಲೇ ಏರಬೇಕು, ಒಳಗೆ ಜಾರಿದರೆ ಜೀವದ ಭಾಗಕ್ಕೆ ತಾಗಿ ಕೀವು ಕಟ್ಟುತ್ತದೆ. ಪ್ರತಿ ಪೆಟ್ಟಿಗೂ ಕಿವಿಗೊಟ್ಟರು. ಗಟ್ಟಿ ಗೋಡೆಯಲ್ಲಿ ಏರುವ ಮೊಳೆಯ ಸದ್ದು ಗಡಸು, ಮೆದುವಾದರೆ ದಾರಿ ತಪ್ಪಿದೆ ಅಂತ ಅರ್ಥ. ಮೂರನೆಯ ಮೊಳೆ ಮೆದು ಸದ್ದು ಕೊಟ್ಟದ್ದೇ ಅದನ್ನು ಕಿತ್ತು ಬೇರೆ ತೂತಿಗೆ ಹಾಕಿದರು. ಲಾಳದಿಂದ ಮುಕ್ಕಾಲು ಅಂಗುಲ ಮೇಲೆ ಆರೂ ಮೊಳೆಗಳ ತುದಿ ಸಾಲಾಗಿ ಹೊರಬಂದವು. ತುದಿ ಮುರಿದು, ಮಡಿಸಿ, ಅರ ಹಾಕಿ ನಯ ಮಾಡಿ, ಕೊನೆಗೆ ಬೆರಳಾಡಿಸಿ ನೋಡಿದರು. ಆ ಲಾಳ ಶಿವಮೊಗ್ಗದವರೆಗೂ ಅಲುಗಲಿಲ್ಲ.

ದಾರಿ ತೋರಿಸಿದ ಹುಡುಗರನ್ನು ಮರೆಯುವುದುಂಟೇ? ಹಳ್ಳ ದಾಟುವ ಕಾಲುಸಂಕ ಮನುಷ್ಯರಿಗೆ ಸೈ, ಕುದುರೆಗೆ ಆಗದು. ಸಂಕದ ಕೆಳಗೆ ಎಲ್ಲಿ ಮರಳು, ಎಲ್ಲಿ ಪಾಚಿಗಲ್ಲು, ಎಲ್ಲಿ ಹೂಳು ಎಂಬುದು ಅಲ್ಲಿ ದನ ದಾಟಿಸುವವರಿಗೆ ಮಾತ್ರ ಗೊತ್ತು. ಅವರು ಮೊದಲು ತಾವೇ ಇಳಿದು ನಡೆದು ತೋರಿಸಿದರು. ಬೇಲಿ ಬಂದ ಕಡೆ ಉಣಗೋಲು, ಅಂದರೆ ದಾರಿಗೆ ಅಡ್ಡ ಹಾಕಿದ ಗಳ ಸರಿಸಿ, ಕುದುರೆ ದಾಟಿದ ಮೇಲೆ ಮತ್ತೆ ಜೋಡಿಸಿದರು. ಹಾಗೆ ಜೋಡಿಸದಿದ್ದರೆ ಊರಿನ ದನವೆಲ್ಲ ಗದ್ದೆಗೆ ಬಿದ್ದು ಕುದುರೆಯವರಿಗೆ ಕೆಟ್ಟ ಹೆಸರು. ಕವಲೇದುರ್ಗ ಕೋಟೆಯ ಹಾಸುಗಲ್ಲಿನ ದಾರಿಗೆ ಕುದುರೆಗಳನ್ನು ಹತ್ತಿಸಲಿಲ್ಲ. ಕಬ್ಬಿಣದ ಲಾಳ ಆ ಕಲ್ಲಿನ ಮೇಲೆ ಜಾರುತ್ತದೆ, ಹಳೆಯ ಕಲ್ಲಿಗೂ ಪೆಟ್ಟು. ಕೆಳಗಿನ ಮನೆಯವರು ಅಷ್ಟು ಹೊತ್ತು ನೆರಳಿನಲ್ಲಿ ಕಟ್ಟಿಕೊಂಡಿದ್ದರು.

ಉಣುಗಿನ ವಿಷಯದಲ್ಲಿ ಎಚ್ಚರಿಸಿದ ಆಶಾ ಕಾರ್ಯಕರ್ತೆಯರಿಗೂ ವಂದನೆ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ. ಮಳೆ ನಿಂತು ತರಗೆಲೆ ಒಣಗುವ ಕಾಲವೇ ಸವಾರಿಗೂ ಒಳ್ಳೆಯ ಕಾಲ, ಮರಿ ಉಣುಗಿಗೂ ಅದೇ ಕಾಲ. ಕಾಡಂಚಿನಲ್ಲಿ ತರಗೆಲೆಯ ಮೇಲೆ ಕೂರಬೇಡಿ, ಕುದುರೆಗೆ ಅದನ್ನು ಹಾಸಬೇಡಿ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ತಿಳಿಸಿ ಅಂತ ಹೇಳಿ ಕೈಕಾಲಿಗೆ ಹಚ್ಚುವ ಎಣ್ಣೆ ಕೊಟ್ಟರು. ಸಂಜೆ ಕುದುರೆಯ ಕಿವಿಯೊಳಗೆ, ದವಡೆಯ ಕೆಳಗೆ, ತೊಡೆಸಂದಿಯಲ್ಲಿ, ಬಾಲದ ಬುಡದಲ್ಲಿ ಕೈಯಾಡಿಸಿ ಹುಡುಕಬೇಕು.

ತೀರ್ಥಹಳ್ಳಿ–ಶಿವಮೊಗ್ಗ ರಸ್ತೆಯ ಬಸ್ಸು, ಲಾರಿ ಚಾಲಕರೇ, ಹಿಂದಿನಿಂದ ಹಾರ್ನ್ ಹೊಡೆಯದೆ ನಿಧಾನಿಸಿ ಹೋದಿರಿ. ಕುದುರೆಗೆ ನೇರ ಹಿಂಬದಿ ಕಾಣುವುದಿಲ್ಲ, ಅಲ್ಲಿಂದ ಬಂದ ದೊಡ್ಡ ಸದ್ದಿಗೆ ಅದು ಮೊದಲು ಓಡುತ್ತದೆ, ಆಮೇಲೆ ನೋಡುತ್ತದೆ. ಸಕ್ರೆಬೈಲು ಆನೆ ಬಿಡಾರದ ಮಾವುತರು, ಕಾವಾಡಿಗಳು ಆನೆಗಳು ಹೊಳೆಯ ಕಡೆ ನಡೆಯುವ ಹೊತ್ತನ್ನು ಮೊದಲೇ ಹೇಳಿದ್ದರಿಂದ ಆ ತುಣುಕನ್ನು ಗಲಾಟೆಯಿಲ್ಲದೆ ದಾಟಿದೆವು. ಆನೆಯ ವಾಸನೆ ಕಾಣದ ಕುದುರೆಗೆ ಗಾಳಿಯಲ್ಲಿ ಬಂದ ಒಂದು ಎಳೆಯೂ ಸಾಕು.

ಎರಡು ಕಡೆ ಪಶುವೈದ್ಯರು ದುಡ್ಡು ಮುಟ್ಟದೆ ನೋಡಿದರು. ದವಡೆಯ ಕೆಳಗೆ ನಾಡಿ ಹಿಡಿದು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು, ವಿಶ್ರಾಂತಿಯಲ್ಲಿ ಅದು 28ರಿಂದ 44ರೊಳಗೆ ಇರಬೇಕೆಂಬುದು, ಒಸಡನ್ನು ಒತ್ತಿ ಬಿಟ್ಟರೆ 2 ಸೆಕೆಂಡಿನೊಳಗೆ ಗುಲಾಬಿ ಬಣ್ಣ ಮರಳಬೇಕೆಂಬುದು, ಎರಡೂ ಪಕ್ಕೆಗೆ ಕಿವಿಯಿಟ್ಟು ಗುಡುಗುಡು ಕೇಳುವುದು, ಇಷ್ಟನ್ನೂ ಆತಿಥೇಯರ ಮಕ್ಕಳಿಗೆ ಕಲಿಸಿದರು. ಮುಂದೆ ಯಾರ ಕುದುರೆ ಬಂದರೂ ಆ ಮಕ್ಕಳನ್ನೇ ಕರೆಯಬಹುದು.

ಇಕ್ಕೇರಿ ಕಡೆಯ ಅಮ್ಮನಿಗೆ ಒಂದು ಮಾತು: ನಿಮ್ಮ ಹುಲ್ಲಿನ ಹಗ್ಗ ನಮ್ಮ ಹೊರೆಯಲ್ಲೇ ಬಂದುಬಿಟ್ಟಿದೆ. ಬರುವ ವಾರ ಗಾಡಿಯಲ್ಲಿ ಆ ಕಡೆ ಬರುತ್ತೇವೆ. ಹಗ್ಗದ ಜೊತೆ ಎರಡು ಹೊರೆ ಕರಡವನ್ನೂ ತರುತ್ತೇವೆ, ಬೇಡ ಅನ್ನಬೇಡಿ.